ಅಗ್ಗದ ನಾಣ್ಯದ ಹಿಂದೆ ಯಾರ ನಷ್ಟವಿದೆ?

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮೊಹಲ್ಲಾದ ಒಂದು ಮನೆಯಲ್ಲಿ ನಡೆದ ಸಂಗತಿಯಿದು. ಒಂಬತ್ತನೇ ತರಗತಿ ಮುಗಿಸಿದ ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತಾಯಿ ಹಣೆ ಮುಟ್ಟಿ ನೋಡಿದರು, ಜ್ವರವಿರಲಿಲ್ಲ. ಮೂರನೆಯ ದಿನ ಇಶಾ ನಮಾಝಿನ ಬಳಿಕ ಅವನು ಅಕ್ಕನ ಬಳಿ ವಿಷಯ ಬಿಚ್ಚಿಟ್ಟ. ಎರಡು ವರ್ಷಗಳಿಂದ ಗೆಳೆಯರೊಂದಿಗೆ ಆಡುತ್ತಿದ್ದ ಮೊಬೈಲ್ ಆಟದ ಖಾತೆ ಕಳವಾಗಿತ್ತು. ಉಚಿತವಾಗಿ ಆಟದ ನಾಣ್ಯ ಸಿಗುತ್ತದೆ ಎಂಬ ಸಂದೇಶವೊಂದು ಬಂದಿತ್ತು. ಅದರಲ್ಲಿದ್ದ ಲಿಂಕ್ ಒತ್ತಿದಾಗ ತೆರೆದ ಪುಟದಲ್ಲಿ ಅವನು ತನ್ನ ಇಮೇಲ್, ಪಾಸ್‌ವರ್ಡ್, ಕೊನೆಗೆ ತಾಯಿಯ ಮೊಬೈಲಿಗೆ ಬಂದ ಒಟಿಪಿಯನ್ನೂ ತುಂಬಿಸಿದ್ದ. ಮರುದಿನ ಬೆಳಗ್ಗೆ ಖಾತೆ ತೆರೆಯಲಿಲ್ಲ.

ಗಲ್ಫ್‌ನಲ್ಲಿರುವ ತಂದೆ ಫೋನಿನಲ್ಲಿ ವಿಷಯ ಕೇಳಿ, "ಆಟ ತಾನೇ, ಹೋದರೆ ಹೋಗಲಿ" ಎಂದು ನಕ್ಕರು. ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಒಂದು ವಾರದ ನಂತರ ಹುಡುಗ ಅಕ್ಕನ ಬಳಿ 800 ರೂಪಾಯಿ ಕೇಳಿದ. ಯಾರೋ ಒಬ್ಬ ಸಿದ್ಧ ಖಾತೆಗಳನ್ನು ಮಾರುತ್ತಾನಂತೆ. ಅದರಲ್ಲಿ ಸಾವಿರಾರು ರೂಪಾಯಿ ಬೆಲೆಯ ಉಡುಪು, ಆಯುಧಗಳೆಲ್ಲ ಇವೆಯಂತೆ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟೆಲ್ಲ ಇರುವ ಖಾತೆಯನ್ನು 800 ರೂಪಾಯಿಗೆ ಕೊಡುವವನಿಗೆ ಅದು ಎಲ್ಲಿಂದ ಬಂತು? ನಿನ್ನದನ್ನೂ ಈಗ ಇನ್ನೊಬ್ಬ ಹುಡುಗ ಹೀಗೆಯೇ ಕೊಳ್ಳುತ್ತಿರಬಹುದಲ್ಲವೇ?" ಹುಡುಗನ ಬಳಿ ಉತ್ತರವಿರಲಿಲ್ಲ.

ಈ ಪ್ರಶ್ನೆ ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಕೇಳಬೇಕಾದದ್ದು ಎಂದು ನಮಗನಿಸಿತು. ಆನ್‌ಲೈನ್ ಆಟಗಳಲ್ಲಿ ಖಾತೆಗಳು ಹೇಗೆ ಕಳವಾಗುತ್ತವೆ, ಆಟದ ನಾಣ್ಯವನ್ನು ಯಾರು ಮಾರುತ್ತಾರೆ, ಅದನ್ನು ಕೊಂಡರೆ ತಪ್ಪೇನು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಆಟದೊಳಗಿನ ಪೇಟೆ

ಹಿಂದಿನ ವೀಡಿಯೋ ಗೇಮ್‌ಗಳನ್ನು ಒಬ್ಬನೇ ಕುಳಿತು ಆಡುತ್ತಿದ್ದ. ಆಟ ಮುಗಿದರೆ ಲೆಕ್ಕವೂ ಮುಗಿಯುತ್ತಿತ್ತು. ಈಗಿನ ಆಟಗಳು ಹಾಗಲ್ಲ. ಸಾವಿರಾರು ಮಂದಿ ಒಂದೇ ಲೋಕದೊಳಗೆ ಏಕಕಾಲದಲ್ಲಿ ಓಡಾಡುತ್ತಾರೆ. ಅಲ್ಲಿ ಮರ ಕಡಿಯುವವರಿದ್ದಾರೆ, ಅದಿರು ಅಗೆಯುವವರಿದ್ದಾರೆ, ಆಯುಧ ತಯಾರಿಸಿ ಮಾರುವವರಿದ್ದಾರೆ. ಹೀಗೆ ದುಡಿದವರಿಗೆ ಆಟದ ನಾಣ್ಯ ಸಿಗುತ್ತದೆ. ಆ ನಾಣ್ಯದಿಂದ ಉತ್ತಮ ಕವಚ, ಕತ್ತಿ, ಉಡುಪುಗಳನ್ನು ಕೊಳ್ಳಬಹುದು.

ನಾಣ್ಯ ಗಳಿಸಲು ಸಮಯ ಬೇಕು. ಕೆಲವು ವಸ್ತುಗಳಿಗಾಗಿ ತಿಂಗಳುಗಟ್ಟಲೆ ಆಡಬೇಕು. ಸಮಯ ಕಡಿಮೆ, ಕೈಯಲ್ಲಿ ಹಣ ಇರುವವನು ಒಂದು ಅಡ್ಡದಾರಿ ಹುಡುಕುತ್ತಾನೆ. ಆಟದ ಹೊರಗೆ ನಿಜವಾದ ಹಣ ಕೊಟ್ಟು, ಆಟದ ಒಳಗೆ ನಾಣ್ಯ ಪಡೆಯುತ್ತಾನೆ. ಇದನ್ನು 'ಗೋಲ್ಡ್ ಸೆಲ್ಲಿಂಗ್' ಎನ್ನುತ್ತಾರೆ. ಹೆಚ್ಚಿನ ಆಟದ ಕಂಪೆನಿಗಳ ನಿಯಮಗಳಲ್ಲಿ ಇದು ನಿಷಿದ್ಧ. ಖಾತೆ ತೆರೆಯುವಾಗ 'ಒಪ್ಪಿದ್ದೇನೆ' ಎಂದು ಒತ್ತುವ ಆ ಉದ್ದದ ಪುಟದಲ್ಲಿ ಈ ಮಾತೂ ಇರುತ್ತದೆ. ಓದುವವರು ಕಡಿಮೆ, ಅಷ್ಟೇ.

ರೂನ್‌ಸ್ಕೇಪ್ ಕಲಿಸಿದ ಪಾಠ

ಈ ವ್ಯಾಪಾರದ ಒಳಗುಟ್ಟು ತಿಳಿಯಬೇಕಾದರೆ ಇಂಗ್ಲೆಂಡಿನ ಕೇಂಬ್ರಿಜ್‌ನ ಜಾಗೆಕ್ಸ್ ಕಂಪೆನಿಯ 'ರೂನ್‌ಸ್ಕೇಪ್' ಎಂಬ ಆಟದ ಕಥೆಯನ್ನು ನೋಡಬೇಕು. 2001ರ ಜನವರಿಯಲ್ಲಿ ಆರಂಭವಾದ ಈ ಆಟ ಕಂಪ್ಯೂಟರಿನ ಬ್ರೌಸರಿನಲ್ಲೇ ತೆರೆಯುತ್ತಿತ್ತು. ಅದರ ಒಂದು ಭಾಗ ಉಚಿತವಾದ್ದರಿಂದ ಶಾಲಾ ಮಕ್ಕಳ ನಡುವೆ ಬೇಗ ಹರಡಿತು. ತಿಂಗಳ ಚಂದಾ ಕೊಟ್ಟವರಿಗೆ ಇನ್ನಷ್ಟು ಪ್ರದೇಶಗಳು ತೆರೆಯುತ್ತಿದ್ದವು.

ಕೆಲವೇ ವರ್ಷಗಳಲ್ಲಿ ಅಲ್ಲಿ ನಾಣ್ಯ ಮಾರುವವರ ದೊಡ್ಡ ಜಾಲ ಬೆಳೆಯಿತು. ಹಗಲು ರಾತ್ರಿ ತಾನಾಗಿಯೇ ಮರ ಕಡಿಯುವ, ಮೀನು ಹಿಡಿಯುವ 'ಬಾಟ್' ಎಂಬ ತಂತ್ರಾಂಶಗಳನ್ನು ಅವರು ಬಳಸಿದರು. ಅದಕ್ಕಿಂತ ಕೆಟ್ಟದ್ದೆಂದರೆ, ಆ ಖಾತೆಗಳ ಚಂದಾ ಕಟ್ಟಲು ಕದ್ದ ಕ್ರೆಡಿಟ್ ಕಾರ್ಡ್‌ಗಳನ್ನೂ ಬಳಸುತ್ತಿದ್ದರು. ಕಾರ್ಡಿನ ನಿಜವಾದ ಒಡೆಯ ದೂರು ಕೊಟ್ಟಾಗ ಬ್ಯಾಂಕು ಆ ಹಣವನ್ನು ಕಂಪೆನಿಯಿಂದ ವಾಪಸು ಪಡೆಯುತ್ತಿತ್ತು. ಇದು ಹೀಗೆಯೇ ಮುಂದುವರಿದರೆ ಆಟವೇ ಉಳಿಯದು ಎಂಬ ಸ್ಥಿತಿ ಬಂತು.

2007ರ ಡಿಸೆಂಬರಿನಲ್ಲಿ ಕಂಪೆನಿ ಕಠಿಣ ನಿರ್ಧಾರ ಕೈಗೊಂಡಿತು. ಆಟಗಾರರ ನಡುವಿನ ಮುಕ್ತ ವ್ಯಾಪಾರಕ್ಕೆ ಕಡಿವಾಣ ಹಾಕಿತು. ಒಬ್ಬನು ಇನ್ನೊಬ್ಬನಿಗೆ ಕೊಡುವ ಮತ್ತು ಪಡೆಯುವ ವಸ್ತುಗಳ ಬೆಲೆ ಹೆಚ್ಚುಕಡಿಮೆ ಸಮವಾಗಿರಲೇಬೇಕು ಎಂದಾಯಿತು. ನಾಣ್ಯ ಮಾರುವವರ ದಾರಿಯೇನೋ ಮುಚ್ಚಿತು. ಆದರೆ ಅದರೊಂದಿಗೆ ಒಳ್ಳೆಯದೂ ಹೋಯಿತು. ಅಣ್ಣನು ತಮ್ಮನಿಗೆ ಒಂದು ಒಳ್ಳೆಯ ಕತ್ತಿಯನ್ನು ಸುಮ್ಮನೆ ಕೊಡುವಂತಿಲ್ಲ. ಅನುಭವಿಯು ಹೊಸಬನಿಗೆ ನೆರವಾಗುವಂತಿಲ್ಲ. ಆಟಗಾರರು ಪ್ರತಿಭಟಿಸಿದರು, ಅನೇಕರು ಆಟವನ್ನೇ ಬಿಟ್ಟರು. ಕೊನೆಗೆ ಆಟಗಾರರ ಮತ ಕೇಳಿ, 2011ರ ಫೆಬ್ರವರಿಯಲ್ಲಿ ಮುಕ್ತ ವ್ಯಾಪಾರವನ್ನು ಮರಳಿ ತರಲಾಯಿತು.

2013ರಲ್ಲಿ ಕಂಪೆನಿ ಬೇರೆ ಉಪಾಯ ಹೂಡಿತು. 'ಬಾಂಡ್' ಎಂಬ ಒಂದು ವಸ್ತುವನ್ನು ತಾನೇ ನಿಜವಾದ ಹಣಕ್ಕೆ ಮಾರತೊಡಗಿತು. ಅದನ್ನು ಕೊಂಡವನು ಆಟದೊಳಗೆ ಇನ್ನೊಬ್ಬ ಆಟಗಾರನಿಗೆ ನಾಣ್ಯಕ್ಕೆ ಮಾರಬಹುದು. ಆ ಇನ್ನೊಬ್ಬನು ಅದನ್ನು ಚಂದಾ ರೂಪದಲ್ಲಿ ಬಳಸಿಕೊಳ್ಳಬಹುದು. ಕಳ್ಳಪೇಟೆಗೆ ಬದಲಾಗಿ ಒಂದು ನೇರ ದಾರಿ ಕೊಡುವುದು ಇದರ ಉದ್ದೇಶ. 2015ರಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟವೂ 'ಟೋಕನ್' ಹೆಸರಿನಲ್ಲಿ ಇಂತಹದೇ ವ್ಯವಸ್ಥೆ ತಂದಿತು. ಆದರೂ ಕಳ್ಳಪೇಟೆ ನಿಂತಿಲ್ಲ. ಕಂಪೆನಿಯ ಬೆಲೆಗಿಂತ ಅಗ್ಗಕ್ಕೆ ಕೊಡುವವರು ಇನ್ನೂ ಇದ್ದಾರೆ, ಕೊಳ್ಳುವವರೂ ಇದ್ದಾರೆ.

ಅಗ್ಗಕ್ಕೆ ಕೊಡಲು ಹೇಗೆ ಸಾಧ್ಯ?

ಆಟದ ನಾಣ್ಯ ಮಾರುವವನ ಬಳಿಗೆ ಅದು ಮುಖ್ಯವಾಗಿ ಮೂರು ದಾರಿಗಳಿಂದ ಬರುತ್ತದೆ.

ಒಂದು, ಬಡವರ ದುಡಿಮೆ. ಚೀನಾದಲ್ಲಿ ಸಾಲು ಸಾಲು ಕಂಪ್ಯೂಟರುಗಳ ಮುಂದೆ ಯುವಕರನ್ನು ಕೂರಿಸಿ ಪಾಳಿಯಲ್ಲಿ ಆಡಿಸುವ ಕೋಣೆಗಳೇ ಇದ್ದವು. ವೆನೆಜುವೆಲಾದಲ್ಲಿ ದೇಶದ ಹಣದ ಬೆಲೆ ಕುಸಿದು ಸಂಬಳದಿಂದ ಅಕ್ಕಿಬೇಳೆಯೂ ಬಾರದ ಸ್ಥಿತಿ ಬಂದಾಗ, ಅನೇಕ ಯುವಕರು ರೂನ್‌ಸ್ಕೇಪಿನಲ್ಲಿ ಹಸಿರು ಡ್ರ್ಯಾಗನ್‌ಗಳನ್ನು ಕೊಂದು ಗಳಿಸಿದ ನಾಣ್ಯ ಮಾರಿ ಮನೆಗೆ ಆಹಾರ ತಂದರು. ಅವರ ಹಸಿವನ್ನು ನಾವು ಹಗುರವಾಗಿ ಕಾಣಬಾರದು. ಅವರು ಆಟದ ನಿಯಮ ಮುರಿದರು ನಿಜ, ಆದರೆ ಇನ್ನೊಬ್ಬನ ಪೆಟ್ಟಿಗೆ ಒಡೆಯಲಿಲ್ಲ.

ಎರಡು, ಬಾಟ್‌ಗಳು. ಇಲ್ಲಿ ದುಡಿಯುವುದು ಯಂತ್ರ. ಇದರಿಂದ ಆಟದ ಪೇಟೆಯಲ್ಲಿ ನಾಣ್ಯ ಹೆಚ್ಚಿ, ಪ್ರಾಮಾಣಿಕವಾಗಿ ಆಡಿದವನ ಶ್ರಮದ ಬೆಲೆ ಇಳಿಯುತ್ತದೆ.

ಮೂರು, ಕಳವು. ಇನ್ನೊಬ್ಬನ ಖಾತೆಯೊಳಗೆ ನುಗ್ಗಿ ಅಲ್ಲಿದ್ದದ್ದನ್ನೆಲ್ಲ ಬಾಚಿಕೊಳ್ಳುವುದು. ತಿಂಗಳುಗಟ್ಟಲೆ ದುಡಿಯಬೇಕಾದದ್ದು ಹತ್ತು ನಿಮಿಷದಲ್ಲಿ ಸಿಗುತ್ತದೆ. ಆದ್ದರಿಂದಲೇ ಅವನು ಯಾವ ಬೆಲೆಗೂ ಮಾರಬಲ್ಲ.

ಇದು ಎಷ್ಟು ವ್ಯಾಪಕ ಎಂಬುದಕ್ಕೆ ಒಂದು ಲೆಕ್ಕ ಸಾಕು. ಕಂಪ್ಯೂಟರ್ ಆಟಗಳ ಬಹುದೊಡ್ಡ ಅಂಗಡಿಯಾದ 'ಸ್ಟೀಮ್' ಅನ್ನು ನಡೆಸುವ ವಾಲ್ವ್ ಕಂಪೆನಿ, ಪ್ರತಿ ತಿಂಗಳು ಸುಮಾರು 77,000 ಖಾತೆಗಳು ಕಳ್ಳರ ಕೈಸೇರಿ ಬರಿದಾಗುತ್ತಿವೆ ಎಂದು 2015ರ ಡಿಸೆಂಬರಿನಲ್ಲಿ ತಾನೇ ಹೇಳಿಕೊಂಡಿತು. ಆಟದ ವಸ್ತುಗಳಿಗೆ ಹೊರಗೆ ಹಣ ಸಿಗತೊಡಗಿದ್ದೇ ಇದಕ್ಕೆ ಕಾರಣ. ಮೊಬೈಲ್ ದೃಢೀಕರಣ ಇಲ್ಲದವರು ವಸ್ತುಗಳನ್ನು ಬೇರೆಯವರಿಗೆ ಕಳುಹಿಸಿದರೆ ಅದನ್ನು ಮೂರು ದಿನಗಳವರೆಗೆ ತಡೆಹಿಡಿಯುವ ವ್ಯವಸ್ಥೆಯನ್ನು ಆ ಕಂಪೆನಿ ಆಗ ತಂದಿತು.

ಕೊಳ್ಳುವವನ ಎದುರಿಗೆ ಬರುವ ನಾಣ್ಯದ ಮೇಲೆ ಅದು ಈ ಮೂರರಲ್ಲಿ ಯಾವ ದಾರಿಯಿಂದ ಬಂತು ಎಂದು ಬರೆದಿರುವುದಿಲ್ಲ. ಕಳ್ಳನು ಅದನ್ನು ಒಂದರ ನಂತರ ಒಂದು ಖಾತೆಗೆ ದಾಟಿಸಿ, ಜಾಡು ಅಳಿಸಿದ ಮೇಲೆಯೇ ಪೇಟೆಗೆ ತರುತ್ತಾನೆ.

ನಮ್ಮ ಮಕ್ಕಳ ಮೊಬೈಲಿನಲ್ಲಿ

ನಮ್ಮ ಮಕ್ಕಳು ಹೆಚ್ಚಾಗಿ ಆಡುವ ಬಿಜಿಎಂಐ, ಫ್ರೀ ಫೈರ್ ಮುಂತಾದ ಮೊಬೈಲ್ ಆಟಗಳಲ್ಲಿ ಸಂಗತಿ ಸ್ವಲ್ಪ ಬೇರೆ. ಅಲ್ಲಿನ ಯುಸಿ ಅಥವಾ ಡೈಮಂಡ್ ಎಂಬ ನಾಣ್ಯವನ್ನು ನೋಟಿನಂತೆ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿಸಲಾಗದು. ಆದ್ದರಿಂದ ಇಲ್ಲಿ ಖಾತೆಗೆ ಖಾತೆಯೇ ಮಾರಾಟವಾಗುತ್ತದೆ. ಇಲ್ಲವೇ 'ಅರ್ಧ ಬೆಲೆಗೆ ಟಾಪ್‌ಅಪ್' ಎಂದು ಕರೆಯುತ್ತಾರೆ. ಕದ್ದ ಕಾರ್ಡಿನಿಂದ ನಾಣ್ಯ ತುಂಬಿಸುವುದು, ಅಥವಾ ಕೊಂಡ ಬಳಿಕ ಸುಳ್ಳು ದೂರು ಕೊಟ್ಟು ಹಣ ಹಿಂಪಡೆಯುವುದು ಇದರ ಗುಟ್ಟು. ಇದು ಬಯಲಾದಾಗ ಕಂಪೆನಿ ನಾಣ್ಯವನ್ನು ಹಿಂದಕ್ಕೆ ಕಿತ್ತುಕೊಳ್ಳುತ್ತದೆ, ಖಾತೆಯನ್ನು ಮುಚ್ಚುತ್ತದೆ. ಅಷ್ಟರಲ್ಲಿ ಮಾರಿದವನು ಹಣ ಹಿಡಿದು ಹೋಗಿರುತ್ತಾನೆ.

ಖಾತೆ ಕೈತಪ್ಪುವ ಬಗೆಗಳೂ ಬಹಳವಿಲ್ಲ. ನಾಲ್ಕನ್ನು ತಿಳಿದರೆ ಹೆಚ್ಚಿನದ್ದು ತಿಳಿದಂತೆ.

ಮೊದಲನೆಯದು, ನಕಲಿ ಪುಟ. ಉಚಿತ ನಾಣ್ಯದ ಆಮಿಷ ತೋರಿಸಿ, ಆಟದ ಪುಟದಂತೆಯೇ ಕಾಣುವ ಪುಟಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ತುಂಬಿಸಿದ್ದೆಲ್ಲ ಕಳ್ಳನಿಗೆ ಸೇರುತ್ತದೆ.

ಎರಡನೆಯದು, ಒಂದೇ ಪಾಸ್‌ವರ್ಡ್. ಎಲ್ಲೋ ಒಂದು ಕಡೆ ಸೋರಿಹೋದ ಪಾಸ್‌ವರ್ಡನ್ನು ಕಳ್ಳರು ಬೇರೆ ಎಲ್ಲ ಕಡೆಯೂ ಹಾಕಿ ನೋಡುತ್ತಾರೆ. ಮನೆಯ, ಅಂಗಡಿಯ, ಕಪಾಟಿನ ಬೀಗಗಳಿಗೆಲ್ಲ ಒಂದೇ ಕೀಲಿ ಇಟ್ಟಂತೆ ಇದು.

ಮೂರನೆಯದು, 'ಹ್ಯಾಕ್' ಆ್ಯಪ್. ಗೋಡೆಯಾಚೆ ಕಾಣಿಸುತ್ತದೆ, ಗುರಿ ತಪ್ಪುವುದಿಲ್ಲ ಎಂದು ಹೇಳಿ ಹಂಚುವ ಇಂತಹ ಆ್ಯಪ್‌ಗಳಲ್ಲಿ ನಾವು ಒತ್ತಿದ ಅಕ್ಷರಗಳನ್ನು, ಬಂದ ಸಂದೇಶಗಳನ್ನು ಕದ್ದು ಕಳುಹಿಸುವ ತಂತ್ರಾಂಶ ಅಡಗಿರಬಹುದು. ಅದೇ ಫೋನಿನಲ್ಲಿ ತಾಯಿಯ ಬ್ಯಾಂಕ್ ಆ್ಯಪ್ ಕೂಡ ಇರುತ್ತದೆ ಎಂಬುದನ್ನು ಮರೆಯಬಾರದು.

ನಾಲ್ಕನೆಯದು, ಗೆಳೆತನ. 'ನಿನ್ನ ಲೆವೆಲ್ ಏರಿಸಿಕೊಡುತ್ತೇನೆ, ಒಂದು ದಿನ ಖಾತೆ ಕೊಡು' ಎಂದು ಕೇಳುವವನು ಎಲ್ಲರಲ್ಲಿಯೂ ಇದ್ದಾನೆ. ಕೊಟ್ಟದ್ದನ್ನು ಮರಳಿ ಪಡೆಯುವ ಖಾತರಿಯಿಲ್ಲ.

'ಅದು ನಿಜವಾದ ವಸ್ತುವೇ ಅಲ್ಲವಲ್ಲ'

ಹಿರಿಯರು ಸಾಮಾನ್ಯವಾಗಿ ಹೇಳುವ ಮಾತಿದು. ಕದಿಯುವ ಹುಡುಗನೂ ಇದನ್ನೇ ಹೇಳುತ್ತಾನೆ. ನೆದರ್‌ಲ್ಯಾಂಡ್ಸ್‌ನ ನ್ಯಾಯಾಲಯಗಳು ಈ ಮಾತನ್ನು ಕೂಲಂಕಷವಾಗಿ ಪರಿಶೀಲಿಸಿವೆ.

2007ರಲ್ಲಿ ಅಲ್ಲಿನ ಲೇವಾರ್ಡನ್ ನಗರದಲ್ಲಿ ಇಬ್ಬರು ಹುಡುಗರು 13 ವರ್ಷದ ಬಾಲಕನೊಬ್ಬನನ್ನು ಮನೆಗೆ ಕರೆದೊಯ್ದು ಹೊಡೆದು, ಚಾಕು ತೋರಿಸಿ ಬೆದರಿಸಿದರು. ಅವರಿಗೆ ಬೇಕಾದದ್ದು ಅವನ ಜೇಬಿನ ಹಣವಲ್ಲ. ರೂನ್‌ಸ್ಕೇಪ್ ಆಟದಲ್ಲಿ ಅವನ ಬಳಿಯಿದ್ದ ಒಂದು ತಾಯತ ಮತ್ತು ಒಂದು ಮುಖವಾಡ. ಬಾಲಕನು ತನ್ನ ಖಾತೆ ತೆರೆದು ಅವುಗಳನ್ನು ಅವರಿಗೆ ಬಿಟ್ಟುಕೊಡಬೇಕಾಯಿತು.

ಇವು ಬರೀ ಅಂಕಿ ಅಕ್ಷರಗಳ ಚಿತ್ರಗಳು, ವಸ್ತುಗಳಲ್ಲ, ಆದ್ದರಿಂದ ಕಳ್ಳತನವೇ ನಡೆದಿಲ್ಲ ಎಂಬ ವಾದ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2012ರ ಜನವರಿ 31ರಂದು ಕೋರ್ಟ್ ಅದನ್ನು ತಳ್ಳಿಹಾಕಿತು. ಆ ಬಾಲಕನು ಸಮಯ ಮತ್ತು ಶ್ರಮ ವ್ಯಯಿಸಿ ಅವುಗಳನ್ನು ಗಳಿಸಿದ್ದ, ಅವು ಅವನೊಬ್ಬನ ಹಿಡಿತದಲ್ಲಿದ್ದವು, ಅವನಿಂದ ಕಿತ್ತುಕೊಂಡಾಗ ಆ ಹಿಡಿತ ಅವನ ಕೈತಪ್ಪಿತು. ಆದ್ದರಿಂದ ಇದು ಕಳ್ಳತನವೇ ಎಂಬುದು ತೀರ್ಪಿನ ಸಾರ.

ನಮ್ಮ ದೇಶದಲ್ಲಿಯೂ ಕಾನೂನು ಸುಮ್ಮನಿಲ್ಲ. ಇನ್ನೊಬ್ಬನ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ವಿಧಿಯಡಿ ಅಪರಾಧ. ಬೇರೆಯವನ ಸೋಗಿನಲ್ಲಿ ಕಂಪ್ಯೂಟರ್ ಅಥವಾ ಫೋನ್ ಬಳಸಿ ವಂಚಿಸುವುದು 66ಡಿ ವಿಧಿಯಡಿ ಅಪರಾಧ. ಎರಡಕ್ಕೂ ಮೂರು ವರ್ಷಗಳವರೆಗೆ ಜೈಲು ಮತ್ತು ಒಂದು ಲಕ್ಷ ರೂಪಾಯಿಯವರೆಗೆ ದಂಡವಿದೆ. 'ತಮಾಷೆಗೆ ಗೆಳೆಯನ ಐಡಿ ತೆಗೆದೆ' ಎನ್ನುವ ಮಕ್ಕಳಿಗೆ ಇದನ್ನು ತಿಳಿಸಿಡುವುದು ಒಳ್ಳೆಯದು.

ಅಮಾನತ್ತಿನ ದೃಷ್ಟಿಯಿಂದ

ಇಲ್ಲಿ ಒಂದು ಸೂಕ್ಷ್ಮವಿದೆ. ಆಟದ ನಾಣ್ಯ, ಆಯುಧಗಳೆಲ್ಲ ಕಂಪೆನಿಯ ಸೊತ್ತು, ಆಟಗಾರನಿಗೆ ಬಳಸುವ ಅನುಮತಿ ಮಾತ್ರ ಎಂದು ಹೆಚ್ಚಿನ ಕಂಪೆನಿಗಳ ನಿಯಮ ಹೇಳುತ್ತದೆ. ಹಾಗಾದರೆ ಆಟಗಾರನದ್ದೇ ಅಲ್ಲದ ವಸ್ತುವನ್ನು ಅವನಿಂದ ಕದಿಯುವುದು ಹೇಗೆ ಎಂದು ಮಕ್ಕಳು ಕೇಳಬಹುದು.

ಮದ್ರಸದ ಗ್ರಂಥಾಲಯದಿಂದ ತಂದ ಪುಸ್ತಕವನ್ನು ನೆನಪಿಸಿಕೊಳ್ಳೋಣ. ಅದು ನಮ್ಮ ಕೈಯಲ್ಲಿದೆ, ಓದುವ ಹಕ್ಕು ನಮಗಿದೆ, ಆದರೆ ಮಾರುವ ಹಕ್ಕಿಲ್ಲ. ಹಾಗೆಂದು ಅದನ್ನು ನಮ್ಮ ಚೀಲದಿಂದ ಎಗರಿಸಿದವನು ನಿರಪರಾಧಿಯಾಗುವನೇ? ಇಲ್ಲ. ನಮ್ಮ ಬಳಿ ಇದ್ದದ್ದು ಅಮಾನತ್ತು. ಅದನ್ನು ಮಾರಿದರೆ ನಾವು ತಪ್ಪಿತಸ್ಥರು, ಕದ್ದರೆ ಅವನು ತಪ್ಪಿತಸ್ಥ. ಆಟದ ಖಾತೆಯೂ ಹೀಗೆಯೇ.

ಇನ್ನೊಬ್ಬನ ಮೇಕೆಯ ಹಾಲನ್ನು ಅವನ ಅನುಮತಿಯಿಲ್ಲದೆ ಕರೆಯುವುದನ್ನು ಪ್ರವಾದಿ ಮುಹಮ್ಮದ್(ಸ) ತಡೆದಿದ್ದರು, ಮತ್ತು ಆ ಕೆಚ್ಚಲನ್ನು ಒಬ್ಬನ ಮನೆಯ ಉಗ್ರಾಣಕ್ಕೆ ಹೋಲಿಸಿದ್ದರು ಎಂಬುದನ್ನು ನಾವು ಖುತ್ಬಾಗಳಲ್ಲಿ ಕೇಳಿದ್ದೇವೆ. ಬಯಲಲ್ಲಿ ಕಾವಲಿಲ್ಲದೆ ನಿಂತ ಮೇಕೆಗೂ ಒಡೆಯನಿದ್ದಾನೆ. ಕಣ್ಣಿಗೆ ಕಾಣದ ಪಾಸ್‌ವರ್ಡಿನ ಹಿಂದೆಯೂ ಒಬ್ಬ ಮಗನ, ಮಗಳ ಎರಡು ವರ್ಷಗಳ ಸಂಜೆಗಳಿವೆ. ಬೀಗ ಸಡಿಲವಾಗಿತ್ತು ಎಂಬುದು ಒಳನುಗ್ಗಲು ಅನುಮತಿಯಲ್ಲ.

ಕೊಳ್ಳುವವನ ವಿಚಾರವೂ ಅಷ್ಟೇ ಸ್ಪಷ್ಟ. ಮಾರುವವನು ತನ್ನದಲ್ಲದ್ದನ್ನು ಮಾರುವಂತಿಲ್ಲ, ಕಳವಿನ ಮಾಲೆಂದು ತಿಳಿದೂ ಕೊಳ್ಳುವಂತಿಲ್ಲ ಎಂಬುದು ನಮ್ಮ ವ್ಯಾಪಾರದ ಮೂಲ ಪಾಠ. ಊಟದ ತಟ್ಟೆಗೆ ಬಂದ ಮಾಂಸ ಎಲ್ಲಿಂದ ಬಂತು ಎಂದು ವಿಚಾರಿಸುವ ನಾವು, ಮಗನ ಮೊಬೈಲಿಗೆ ಬಂದ ಅಗ್ಗದ ನಾಣ್ಯ ಎಲ್ಲಿಂದ ಬಂತು ಎಂದು ವಿಚಾರಿಸುವುದಿಲ್ಲ. ಕೊಳ್ಳುವವನು ಇರುವವರೆಗೆ ಮಾತ್ರ ಕದಿಯುವವನಿಗೆ ಲಾಭ. ನಮ್ಮ ಮಗ ಕೊಟ್ಟ 800 ರೂಪಾಯಿ ನಾಳೆ ಇನ್ನೊಬ್ಬನ ಖಾತೆ ಒಡೆಯುವುದಕ್ಕೆ ಕೂಲಿಯಾಗುತ್ತದೆ.

ಮನೆಯಲ್ಲಿ ಏನು ಮಾಡೋಣ?

ಮೊದಲು ಬೀಗದ ಕೆಲಸ. ಆಟಕ್ಕೆ ಜೋಡಿಸಿದ ಇಮೇಲ್ ಯಾವುದು ಎಂದು ಮಕ್ಕಳಿಂದ ಕೇಳಿ ತಿಳಿಯೋಣ. ಆ ಇಮೇಲಿಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಮತ್ತು ಎರಡು ಹಂತದ ದೃಢೀಕರಣ ಇರಲಿ. ಇಮೇಲ್ ಭದ್ರವಾಗಿದ್ದರೆ ಕಳೆದ ಖಾತೆಯನ್ನು ಮರಳಿ ಪಡೆಯುವ ದಾರಿ ಉಳಿಯುತ್ತದೆ. ಅದೇ ಹೋದರೆ ಎಲ್ಲವೂ ಹೋಯಿತು. ಒಟಿಪಿಯನ್ನು ಯಾವ ಪುಟದಲ್ಲಿ, ಯಾತಕ್ಕಾಗಿ ಹಾಕುತ್ತಿದ್ದೇವೆ ಎಂದು ತಿಳಿಯದೆ ಹಾಕಬಾರದು, ಯಾರು ಕೇಳಿದರೂ ಹೇಳಬಾರದು. ಆ್ಯಪ್‌ಗಳನ್ನು ಅಧಿಕೃತ ಸ್ಟೋರಿನಿಂದ ಮಾತ್ರ ಇಳಿಸಿಕೊಳ್ಳಬೇಕು. ಆಟಕ್ಕೆ ಹಣ ಕೊಡಲೇಬೇಕೆಂದಿದ್ದರೆ ಮನೆಯವರು ಒಪ್ಪಿದ ಮೊತ್ತವನ್ನು ಆಟದ ಒಳಗಿನ ಅಂಗಡಿಯಲ್ಲಿಯೇ ಕೊಟ್ಟು, ರಸೀದಿ ಇಟ್ಟುಕೊಳ್ಳಬೇಕು. ಖಾತೆ ತನ್ನದೆಂದು ತೋರಿಸಲು ಮುಂದೆ ಆ ರಸೀದಿಯೇ ನೆರವಾಗುತ್ತದೆ.

ಖಾತೆ ಕಳವಾಗಿದ್ದರೆ ಮೊದಲು ಇಮೇಲಿನ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಬೇಕು. ನಂತರ ಆಟದ ಸಹಾಯ ಕೇಂದ್ರಕ್ಕೆ ರಸೀದಿಗಳೊಂದಿಗೆ ದೂರು ಕೊಡಬೇಕು. ಜೊತೆಗೆ ಆಡುವ ಗೆಳೆಯರಿಗೆ ಕೂಡಲೇ ತಿಳಿಸಬೇಕು. ಏಕೆಂದರೆ ಕಳ್ಳನು ಅದೇ ಹೆಸರಿನಲ್ಲಿ ಅವರಿಗೂ ಲಿಂಕ್ ಕಳುಹಿಸುತ್ತಾನೆ. ಬ್ಯಾಂಕ್ ಅಥವಾ ಯುಪಿಐಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿಯೂ ದೂರು ದಾಖಲಿಸಬಹುದು. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಇಂತಹ ಪ್ರಕರಣಗಳಿಗೆಂದೇ ಸಿಇಎನ್ ಪೊಲೀಸ್ ಠಾಣೆಗಳಿವೆ.

ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಆ ಹುಡುಗನು ಮೂರು ದಿನ ಯಾರಿಗೂ ಹೇಳದೆ ಇದ್ದದ್ದು ಏಕೆ? ಹೇಳಿದರೆ ಬೈಗುಳ ಸಿಗುತ್ತದೆ, ಫೋನ್ ಹೋಗುತ್ತದೆ, ಇಲ್ಲವೇ ನಗುತ್ತಾರೆ ಎಂಬ ಭಯದಿಂದ. ಆ ಮೂರು ದಿನಗಳಲ್ಲಿ ಕಳ್ಳನಿಗೆ ತಾಯಿಯ ಫೋನಿನ ಇನ್ನಷ್ಟು ಬಾಗಿಲುಗಳನ್ನು ತಟ್ಟಲು ಸಮಯ ಸಿಕ್ಕಿತು. ಮಗು ತಪ್ಪು ಒಪ್ಪಿಕೊಂಡು ಬಂದಾಗ ಮೊದಲು ಕೇಳಿಸಿಕೊಳ್ಳೋಣ. ಎಷ್ಟು ಹೊತ್ತು ಆಡಬೇಕು, ಆಡಬೇಕೇ ಬೇಡವೇ ಎಂಬ ಮಾತು ಅನಂತರ ಬರಲಿ. ನಮಗೆ ಆಟವಾಗಿ ಕಾಣುವುದು ಅವನಿಗೆ ಗೆಳೆಯರೊಂದಿಗಿನ ಎರಡು ವರ್ಷಗಳು. ಅದನ್ನು ಕಳೆದುಕೊಂಡ ನೋವು ನಿಜವೆಂದು ನಾವು ಒಪ್ಪಿದರೆ ಮಾತ್ರ, ಇನ್ನೊಬ್ಬನದ್ದನ್ನು ಕೊಳ್ಳಬೇಡ ಎಂಬ ನಮ್ಮ ಮಾತು ಅವನಿಗೆ ಅರ್ಥವಾಗುತ್ತದೆ.

ಆ ಮನೆಯ ಹುಡುಗ 800 ರೂಪಾಯಿಯ ಖಾತೆ ಕೊಳ್ಳಲಿಲ್ಲ. ಅವನ ಹಳೆಯ ಖಾತೆಯೂ ಮರಳಿ ಸಿಗಲಿಲ್ಲ. ಮೊದಲ ಹಂತದಿಂದ ಹೊಸದಾಗಿ ಆರಂಭಿಸಿದ. ತಂದೆ ಊರಿಗೆ ಬಂದಾಗ ಒಂದು ರಾತ್ರಿ ಅವನ ಪಕ್ಕ ಕುಳಿತು, ಎರಡು ಹಂತದ ದೃಢೀಕರಣ ಹಾಕುವುದು ಹೇಗೆಂದು ಮಗನಿಂದಲೇ ಕೇಳಿ, ತಮ್ಮ ಫೋನಿಗೂ ಹಾಕಿಸಿಕೊಂಡರು.

ನಮ್ಮ ಮಕ್ಕಳ ಕೈಗೆ ಬರುವುದೆಲ್ಲ, ಅದು ಅನ್ನವಾಗಲಿ ಆಟದ ನಾಣ್ಯವಾಗಲಿ, ಇನ್ನೊಬ್ಬರ ಕಣ್ಣೀರು ಬೆರೆಯದ್ದಾಗಿರಲಿ. ಅಲ್ಲಾಹನು ನಮ್ಮೆಲ್ಲರಿಗೂ ಅದಕ್ಕೆ ತೌಫೀಕ್ ನೀಡಲಿ. ಆಮೀನ್.